ಸುಂಚನ್ ಊರಿನ ಹಾಲ್ಮೊನಿ

ನಮ್ಮ ಸರಸ್ವತಿಪುರಂನಲ್ಲಿ ಗುರುತಿನವರು ಎದುರಾದರೆ ಮೊದಲು ಕೇಳುವುದು ‘ಊಟ ಆಯ್ತಾ?’ ಎಂದು. ದಕ್ಷಿಣ ಕೊರಿಯಾದಲ್ಲೂ ಹಾಗೆಯೇ. ಅವರು ‘ಬಾಪ್ ಮೊಗೊಸ್ಸೊ?’ ಎನ್ನುತ್ತಾರೆ. ಬಾಪ್ ಎಂದರೆ ಅನ್ನ. ಅನ್ನ ತಿಂದೆಯಾ ಎಂದು ಅರ್ಥ. ನಮ್ಮ ಹಾಗೆಯೇ ಅವರ ವಾಕ್ಯದಲ್ಲೂ ಕ್ರಿಯಾಪದ ಕೊನೆಗೆ ಬರುತ್ತದೆ. ಅಮ್ಮನಿಗೆ ‘ಒಮ್ಮಾ’, ಅಪ್ಪನಿಗೆ ‘ಅಪ್ಪಾ’, ನಾನು ಎನ್ನಲು ‘ನಾ’! ಈ ಹೋಲಿಕೆಗಳನ್ನು ಕಂಡ ಹೋಮರ್ ಹಲ್ಬರ್ಟ್ ಎಂಬ ಅಮೆರಿಕದವರು 1905ರಲ್ಲೇ ಕೊರಿಯನ್ ಮತ್ತು ದ್ರಾವಿಡ ಭಾಷೆಗಳನ್ನು ಹೋಲಿಸಿ ಪುಸ್ತಕ ಬರೆದರು. ಇವು ಒಂದೇ ಮೂಲದ ಭಾಷೆಗಳೆಂದು ಇಂದಿನ ಪಂಡಿತರು ಒಪ್ಪುವುದಿಲ್ಲ. ಆದರೂ ಕೇಳುವ ಕಿವಿಗೆ ಖುಷಿಯಾಗುತ್ತದೆ.

ನನ್ನ ತಮ್ಮನ ಮಗಳು ಆ ದೇಶದ ಸುಂಚನ್ ಎಂಬ ಊರಿನಲ್ಲಿದ್ದಾಳೆ. ಭಾರತ ಮತ್ತು ಕೊರಿಯಾ ನಡುವೆ 2010ರ ಜನವರಿ 1ರಿಂದ ಜಾರಿಯಲ್ಲಿರುವ ಆರ್ಥಿಕ ಒಪ್ಪಂದದಲ್ಲಿ, ಶಿಕ್ಷಕರ ಅರ್ಹತೆ ಪಡೆದ ನಮ್ಮವರು ಅಲ್ಲಿನ ಶಾಲೆಗಳಲ್ಲಿ ಇಂಗ್ಲಿಷ್ ಸಹಾಯಕ ಶಿಕ್ಷಕರಾಗಲು ಅವಕಾಶವಿದೆ. ಮೈಸೂರಿನಲ್ಲಿ ಬಿ.ಎಡ್. ಮುಗಿಸಿ ಅವಳು ಆ ದಾರಿ ಹಿಡಿದಳು. ಕಳೆದ ನವೆಂಬರಿನಲ್ಲಿ ನಾನೂ ನನ್ನಾಕೆಯೂ ಹದಿನೈದು ದಿನ ಅವಳ ಮನೆಯಲ್ಲಿದ್ದು ಬಂದೆವು.

ಸುಂಚನ್ ದೇಶದ ದಕ್ಷಿಣದ ತುದಿಯಲ್ಲಿದೆ. ಸಮುದ್ರದ ಅಂಚಿನಲ್ಲಿ ಕಣ್ಣು ಹಾಯುವಷ್ಟು ದೂರ ಜೊಂಡುಹುಲ್ಲು. ನಮ್ಮ ರಂಗನತಿಟ್ಟಿಗೆ ಬರುವಂತೆ ಅಲ್ಲಿಗೂ ದೂರದಿಂದ ಹಕ್ಕಿಗಳು ಬರುತ್ತವೆ. ಹೊರಗೆ ಕೈ ಮರಗಟ್ಟುವ ಚಳಿ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ನೆಲವೇ ಬೆಚ್ಚಗೆ! ಇದಕ್ಕೆ ‘ಒಂದೋಲ್’ ಎನ್ನುತ್ತಾರೆ. ಹಿಂದೆ ಅಡುಗೆ ಒಲೆಯ ಬಿಸಿ ಹೊಗೆಯನ್ನು ನೆಲದ ಚಪ್ಪಡಿಗಳ ಕೆಳಗೆ ಹಾಯಿಸುತ್ತಿದ್ದರು. ಈಗ ಬಿಸಿನೀರಿನ ಕೊಳವೆ ಹಾಕಿರುತ್ತಾರೆ. ನನ್ನಾಕೆಯ ಮಂಡಿನೋವಿಗೆ ಆ ನೆಲದ ಮೇಲಿನ ಹಾಸಿಗೆಯೇ ಔಷಧಿಯಾಯಿತು.

ಕೆಳಗಿನ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜಿ ಇದ್ದಾರೆ. ಅಜ್ಜಿಗೆ ಅಲ್ಲಿ ‘ಹಾಲ್ಮೊನಿ’ ಎನ್ನುತ್ತಾರೆ. ನಮ್ಮ ಹುಡುಗಿಗೆ ಆ ಊರಿನಲ್ಲಿ ಆದ ಮೊದಲ ಸ್ನೇಹ ಅವರದೇ. ನಾವು ಹೋದಾಗ ಕಿಮ್ಚಿ ಹಾಕುವ ಕಾಲ. ಚಳಿಗಾಲಕ್ಕೆ ಮೊದಲು ನೆಂಟರು, ನೆರೆಯವರು ಸೇರಿ ರಾಶಿ ರಾಶಿ ಎಲೆಕೋಸಿಗೆ ಉಪ್ಪು, ಮೆಣಸಿನಪುಡಿ, ಬೆಳ್ಳುಳ್ಳಿ ಹಚ್ಚಿ ವರ್ಷಕ್ಕಾಗುವಷ್ಟು ಕೂಡಿಡುತ್ತಾರೆ. ಇದೇ ‘ಕಿಮ್‌ಜಾಂಗ್’. ಇದು 2013ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದೆ. ಸಾಮಾನ್ಯವಾಗಿ ಅದಕ್ಕೆ ಸಿಗಡಿಯನ್ನೋ ಮೀನಿನ ರಸವನ್ನೋ ಬೆರೆಸುತ್ತಾರೆ. ನಮ್ಮ ಹುಡುಗಿ ಸಸ್ಯಾಹಾರಿ. ಮೊದಲ ವರ್ಷ ಅವಳು ಬರೀ ಅನ್ನ ಉಣ್ಣುವುದನ್ನು ಕಂಡ ಹಾಲ್ಮೊನಿ ಏನನ್ನೂ ಕೇಳಲಿಲ್ಲವಂತೆ. ಮುಂದಿನ ಕಿಮ್‌ಜಾಂಗ್ ದಿನ ಬೌದ್ಧ ಮಠಗಳಲ್ಲಿ ಮಾಡುವ ಹಾಗೆ ಮೀನು, ಸಿಗಡಿ ಸೋಂಕದ ಒಂದು ಡಬ್ಬಿ ಬೇರೆಯೇ ಮಾಡಿ ಬಾಗಿಲಲ್ಲಿಟ್ಟು ಹೋದರಂತೆ.

ಈ ಸಲ ನನ್ನಾಕೆಯೂ ಕೈಗವಸು ತೊಟ್ಟು ಅವರ ಜೊತೆ ಕೋಸಿಗೆ ಮಸಾಲೆ ಹಚ್ಚಲು ಕುಳಿತಳು. ಇವಳಿಗೆ ಕೊರಿಯನ್ ಬಾರದು, ಅವರಿಗೆ ಕನ್ನಡ ಬಾರದು. ಮಧ್ಯಾಹ್ನದವರೆಗೆ ಇಬ್ಬರೂ ಮಾತಾಡಿದ್ದೇ ಮಾತಾಡಿದ್ದು! ನಾವು ಒಯ್ದಿದ್ದ ಮಾವಿನ ಮಿಡಿ ಉಪ್ಪಿನಕಾಯಿಯನ್ನು ಹಾಲ್ಮೊನಿ ಎರಡೂ ಕೈಯಲ್ಲಿ ತೆಗೆದುಕೊಂಡರು. ಹಿರಿಯರಿಗೆ ಏನೇ ಕೊಟ್ಟರೂ ಎರಡು ಕೈಯಲ್ಲಿ ಕೊಡಬೇಕು, ಎರಡು ಕೈಯಲ್ಲಿ ಪಡೆಯಬೇಕು ಎಂಬುದು ಅಲ್ಲಿನ ಮಕ್ಕಳಿಗೆ ಮೊದಲ ಪಾಠ. ಆ ದಿನ ಹಿರಿಯರೇ ನಮಗೆ ಆ ಮರ್ಯಾದೆ ತೋರಿಸಿದರು.

ಒಂದು ದಿನ ಅವಳು ಪಾಠ ಮಾಡುವ ಹಳ್ಳಿ ಶಾಲೆಗೂ ಹೋದೆವು. ಮಕ್ಕಳು ಹೊರಗಿನ ಬೂಟು ಬಿಚ್ಚಿ ಒಳಗಿನ ಚಪ್ಪಲಿ ಹಾಕಿಕೊಂಡರು, ನಡು ಬಗ್ಗಿಸಿ ನಮಸ್ಕರಿಸಿದರು, ಗುಳಿಗಳಿರುವ ಸ್ಟೀಲ್ ತಟ್ಟೆಯಲ್ಲಿ ಟೀಚರ ಜೊತೆಗೇ ಊಟ ಮಾಡಿದರು. ಅಲ್ಲಿ ಶಿಕ್ಷಕರ ದಿನ ಮೇ 15. ಹಾಂಗುಲ್ ಲಿಪಿಯನ್ನು 1446ರಲ್ಲಿ ಜನರ ಕೈಗಿತ್ತ ಸೆಜಾಂಗ್ ದೊರೆಯ ಹುಟ್ಟಿದ ದಿನವದು.

ಆದರೆ ದೊಡ್ಡ ಕಟ್ಟಡ, ಬೆರಳೆಣಿಕೆಯ ಮಕ್ಕಳು. ‘ದೊಡ್ಡಪ್ಪ, ಒಂದನೇ ತರಗತಿಗೆ ಮಕ್ಕಳು ಬಾರದೇ ಹೋದರೆ ಈ ಶಾಲೆ ಮುಚ್ಚುತ್ತದೆ’ ಎಂದಳು ಹುಡುಗಿ. ಕೊರಿಯಾದಲ್ಲಿ ಮಕ್ಕಳು ಹುಟ್ಟುವುದೇ ಕಡಿಮೆಯಾಗಿದೆ. ಒಬ್ಬ ಹೆಂಗಸಿಗೆ ಸರಾಸರಿ ಒಂದು ಮಗುವೂ ಇಲ್ಲ. 2023ರ ಲೆಕ್ಕ 0.72. ಅದೇ ಪ್ರಾಂತದ ಗಾಂಗ್‌ಜಿನ್ ಎಂಬಲ್ಲಿ 2019ರಲ್ಲಿ ಒಂದನೇ ತರಗತಿಗೆ ಮಕ್ಕಳೇ ಸಿಗದಾದಾಗ ಒಂದು ಶಾಲೆ ಏನು ಮಾಡಿತು ಗೊತ್ತೇ ಮಕ್ಕಳೇ? ಚಿಕ್ಕಂದಿನಲ್ಲಿ ಓದಲು ಆಗದಿದ್ದ ಊರಿನ ಅಜ್ಜಿಯರನ್ನು ಸೇರಿಸಿಕೊಂಡಿತು! ಎಪ್ಪತ್ತರ ಅಜ್ಜಿಯರು ಬೆನ್ನಿಗೆ ಚೀಲ ಹಾಕಿಕೊಂಡು, ಮೊಮ್ಮಕ್ಕಳ ಜೊತೆ ಶಾಲೆಯ ಬಸ್ಸು ಹತ್ತಿ ಅಕ್ಷರ ಕಲಿಯಲು ಹೋದರು. ಅವರಿಗೆ ಓದು ಸಿಕ್ಕಿತು, ಶಾಲೆಗೆ ಜೀವ ಬಂತು.

ನಮ್ಮ ಕಡೆಯ ಹಳ್ಳಿಗಳಲ್ಲೂ ಮಕ್ಕಳಿಲ್ಲದೆ ಬೀಗ ಬಿದ್ದ ಕನ್ನಡ ಶಾಲೆಗಳಿವೆ. ಕಾರಣ ಬೇರೆ ಇರಬಹುದು. ಬಾಗಿಲಿನ ಮುಂದೆ ಬೆಳೆದ ಹುಲ್ಲು ಒಂದೇ.

ಅಲ್ಲಿ ಮಾರ್ಚಿನಲ್ಲಿ ಶಾಲೆ ಶುರು. ಮೊನ್ನೆ ಫೋನಿನಲ್ಲಿ ಹುಡುಗಿ, ‘ಒಂದನೇ ತರಗತಿಗೆ ಇಬ್ಬರು ಸೇರುತ್ತಿದ್ದಾರೆ ದೊಡ್ಡಪ್ಪ’ ಎಂದಳು. ಇಬ್ಬರೇ. ಆದರೆ ಅವಳು ಹೇಳಿದ ಸಂಭ್ರಮ ನೋಡಿದರೆ ಇನ್ನೂರು ಮಕ್ಕಳೇ ಬಂದ ಹಾಗಿತ್ತು.