ಹಿಡಿತವೆಂಬ ಸೇವಕ

ಮರಗೆಲಸದ ಮಾತು ಬಂದಾಗಲೆಲ್ಲ ನಾವು ಕತ್ತರಿಸುವ ಉಪಕರಣಗಳನ್ನೇ ನೆನೆಯುತ್ತೇವೆ. ಉಳಿಯ ಹರಿತ, ಗರಗಸದ ಹಲ್ಲು, ಕೀಸುಳಿಯ ನಯ ಇವುಗಳ ಕುರಿತು ಕೇಳುವವರು ಅನೇಕರು. ಆ ಹರಿತವಾದ ಅಲಗು ಮರದೊಳಗೆ ಇಳಿಯುವಾಗ ಮರವನ್ನು ಅಲುಗದಂತೆ ಹಿಡಿದಿರುವುದು ಯಾವುದು ಎಂದು ಕೇಳುವವರು ವಿರಳ. ಆದರೆ ಕೆಲಸದ ಅಂದವೂ ಕೆಲಸಗಾರನ ಕ್ಷೇಮವೂ ಬಹುಮಟ್ಟಿಗೆ ಈ ಎರಡನೆಯ ಪ್ರಶ್ನೆಯನ್ನೇ ಅವಲಂಬಿಸಿವೆ.

ನನ್ನ ತಂದೆಯವರು ಬಡಗಿ. ನಮ್ಮ ಕಡೆಯ ಹಳೆಯ ತಲೆಮಾರಿನ ಬಡಗಿಗಳಂತೆ ಅವರೂ ನೆಲದ ಮೇಲೆ ಕುಳಿತೇ ಕೆಲಸ ಮಾಡುತ್ತಿದ್ದರು. ಎತ್ತರದ ಮೇಜು ಅವರಿಗೆ ಬೇಕಿರಲಿಲ್ಲ. ಹಲಗೆಯ ಒಂದು ತುದಿಯನ್ನು ಎಡಗಾಲಿನ ಪಾದದಡಿಯಲ್ಲಿ ಒತ್ತಿ ಹಿಡಿದು, ಬೆರಳುಗಳಿಂದ ಅದನ್ನು ಬೇಕಾದಂತೆ ತಿರುಗಿಸಿಕೊಳ್ಳುತ್ತ, ಎರಡೂ ಕೈಗಳಿಂದ ಉಳಿ ಕೊಡತಿಗಳನ್ನು ಆಡಿಸುತ್ತಿದ್ದರು. ಈ ಪದ್ಧತಿಯನ್ನು ಹಿಂದುಳಿದದ್ದೆಂದು ಹಗುರವಾಗಿ ಕಾಣುವುದು ಸರಿಯಲ್ಲ. ಪಾದಕ್ಕೆ ಸ್ಪರ್ಶಜ್ಞಾನವಿದೆ. ಮರ ಜಾರುವ ಮುನ್ನವೇ ಅದು ಅರಿಯುತ್ತದೆ, ಕ್ಷಣಮಾತ್ರದಲ್ಲಿ ಒತ್ತಡವನ್ನು ಹೆಚ್ಚುಕಡಿಮೆ ಮಾಡುತ್ತದೆ. ಕೆಲಸ ಎಲ್ಲಿದ್ದರೆ ಅಲ್ಲಿಗೆ, ಹೊರೆಯಿಲ್ಲದೆ, ಅದು ಬಡಗಿಯೊಡನೆಯೇ ನಡೆದುಬರುತ್ತದೆ.

ಆದರೆ ಆ ಹಿಡಿಕೆ ರಕ್ತಮಾಂಸದ್ದು. ನಾನು ಆರನೆಯ ತರಗತಿಯಲ್ಲಿದ್ದಾಗ, ಹಲಸಿನ ಚೌಕಟ್ಟಿಗೆ ತೂತು ಕೊರೆಯುವ ವೇಳೆ ಮರದ ಗಂಟಿಗೆ ತಗುಲಿದ ಉಳಿ ಜಾರಿ ತಂದೆಯವರ ಪಾದದ ಮೇಲ್ಭಾಗವನ್ನು ಸೀಳಿತು. ಗಾಯ ಮಾಯಲು ತಿಂಗಳುಗಳೇ ಹಿಡಿದವು. ಆ ಅವಧಿಯಲ್ಲಿ ಮನೆಗೆ ದುಡಿಮೆಯಿರಲಿಲ್ಲ. ತಾಯಿಯವರು ಎರಡು ಮನೆಗಳಲ್ಲಿ ಭತ್ತ ಕುಟ್ಟಿ ನಮ್ಮನ್ನು ಸಾಕಿದರು. ಪಾದದ ಕಲೆ ತಂದೆಯವರ ಕೊನೆಯ ದಿನದವರೆಗೂ ಉಳಿಯಿತು. ಅವರು ಅದನ್ನು ಕುರಿತು ಎಂದೂ ದೂರಿದವರಲ್ಲ. ಕಸುಬೆಂದರೆ ಇಷ್ಟು ಇದ್ದದ್ದೇ ಎಂಬುದು ಅವರ ನಂಬಿಕೆಯಾಗಿತ್ತು.

ಹಾಗಿರಲೇಬೇಕಿಲ್ಲ ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಬಳಿಕ, ಒಂದು ಹಳೆಯ ಫ್ರೆಂಚ್ ಗ್ರಂಥದ ಚಿತ್ರಪಟಗಳ ಪ್ರತಿಯನ್ನು ನೋಡುತ್ತಿದ್ದಾಗ. ಪ್ಯಾರಿಸ್ಸಿನ ಮರಗೆಲಸಗಾರ ಆಂದ್ರೆ ಜಾಕೋಬ್ ರೂಬೋ ತನ್ನ ಕಸುಬಿನ ಕುರಿತು 1769 ರಿಂದ 1775 ರ ನಡುವೆ ಪ್ರಕಟಿಸಿದ ಬೃಹತ್ ಕೃತಿ ಅದು. ಅದರಲ್ಲಿ ದಪ್ಪ ಹಲಗೆಯ ಕೆಲಸದ ಮೇಜೊಂದರ ಚಿತ್ರವಿದೆ. ಮೇಜಿನ ಮೈಯಲ್ಲಿ ಅಲ್ಲಲ್ಲಿ ದುಂಡು ರಂಧ್ರಗಳು. ಅಂತಹ ರಂಧ್ರಕ್ಕೆ ಇಳಿಬಿಡಲೆಂದು ಕೊಕ್ಕರೆಯ ಕತ್ತಿನಂತೆ ಬಾಗಿದ ಒಂದು ಕಬ್ಬಿಣದ ಸಲಾಕೆ. ಇಂಗ್ಲಿಷರು ಅದನ್ನು ಹೋಲ್ಡ್‌ಫಾಸ್ಟ್ ಎನ್ನುತ್ತಾರೆ. ಫ್ರೆಂಚರು ಅದಕ್ಕೆ ಇಟ್ಟಿರುವ ಹೆಸರು ‘ವಾಲೆ’, ಅಂದರೆ ಸೇವಕ.

ಅದು ರೂಬೋ ಕಂಡುಹಿಡಿದದ್ದೇನಲ್ಲ. ಅವನಿಗಿಂತ ಸುಮಾರು ನೂರು ವರ್ಷ ಮೊದಲೇ ಇಂಗ್ಲೆಂಡಿನ ಜೋಸೆಫ್ ಮಾಕ್ಸನ್ ಇದನ್ನು ತನ್ನ ಗ್ರಂಥದಲ್ಲಿ ವಿವರಿಸಿದ್ದ. ಕ್ರಿ.ಶ. 79 ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯಡಿ ಹುದುಗಿಹೋದ ಹರ್ಕ್ಯುಲೇನಿಯಂ ಪಟ್ಟಣದ ಒಂದು ಭಿತ್ತಿಚಿತ್ರದಲ್ಲಿಯೂ ಮರ ಕೊಯ್ಯುವ ಪುಟ್ಟ ಬಾಲರ ಮೇಜಿನ ಮೇಲೆ ಇಂತಹುದೇ ಕೊಕ್ಕೆ ಕಾಣಿಸುತ್ತದೆ. ಸುಮಾರು ಎರಡು ಸಾವಿರ ವರ್ಷಗಳಿಂದ ರೂಪವನ್ನು ಹೆಚ್ಚು ಬದಲಿಸದೆ ಉಳಿದುಬಂದ ಉಪಕರಣ ಇದು.

ನಮ್ಮ ಅಂಗಡಿಗಳಲ್ಲಿ ಹೋಲ್ಡ್‌ಫಾಸ್ಟ್ ಎಂದು ಕೇಳಿದರೆ, ಬಾಗಿಲ ಚೌಕಟ್ಟನ್ನು ಗೋಡೆಗೆ ಬಿಗಿಯುವ ಕಬ್ಬಿಣದ ಪಟ್ಟಿಯನ್ನು ಕೊಡುತ್ತಾರೆ. ಹೆಸರೊಂದೇ, ವಸ್ತು ಬೇರೆ. ಆದ್ದರಿಂದ ನಾನು ಚಿತ್ರ ಬರೆದುಕೊಂಡು ಕಮ್ಮಾರರೊಬ್ಬರ ಕುಲುಮೆಗೆ ಹೋದೆ. ಮುಕ್ಕಾಲು ಇಂಚಿನ, ಅಂದರೆ 19 ಮಿಲಿಮೀಟರ್ ದಪ್ಪದ ಮೃದು ಉಕ್ಕಿನ ಸಲಾಕೆಯನ್ನು ಕಾಯಿಸಿ, ಬಾಗಿಸಿ, ತುದಿಯನ್ನು ತಟ್ಟಿ ಚಪ್ಪಟೆ ಮಾಡಿಕೊಡುವಂತೆ ಕೇಳಿದೆ. ಆ ಹಿರಿಯರು ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಸ್ವಾಮೀ, ಇದಕ್ಕೆ ತಿರುಪಿಲ್ಲ, ಹಲ್ಲಿಲ್ಲ. ಯಾವುದರ ಬಲದ ಮೇಲೆ ಹಿಡಿಯುತ್ತದೆ ಇದು?”

“ತೂತಿನಲ್ಲಿ ಸಡಿಲವಾಗಿ ಇರುವುದರಿಂದಲೇ ಹಿಡಿಯುತ್ತದಂತೆ ಯಜಮಾನರೇ,” ಎಂದೆ. ಅವರು ನಕ್ಕರು. ಆದರೂ ಎರಡನ್ನು ಮಾಡಿಕೊಟ್ಟರು.

ಸಡಿಲವಿದ್ದರೆ ಬಿಗಿಯುತ್ತದೆ ಎಂಬ ಈ ಮಾತು ಒಗಟಿನಂತೆ ತೋರಬಹುದು. ಅದರ ಮರ್ಮ ಸರಳ. ರಂಧ್ರವು ಸಲಾಕೆಗಿಂತ ಒಂದು ಮಿಲಿಮೀಟರಿನಷ್ಟು ಅಗಲವಾಗಿರಬೇಕು. ಸಲಾಕೆಯನ್ನು ಇಳಿಬಿಟ್ಟು, ಅದರ ಚಪ್ಪಟೆ ತುದಿಯನ್ನು ಮರದ ಮೇಲೆ ಊರಿ, ಬಾಗಿದ ನೆತ್ತಿಗೆ ಕೊಡತಿಯಿಂದ ಒಂದು ಪೆಟ್ಟು ಕೊಡುತ್ತೇವೆ. ಕೆಳಗಿನ ಮರವು ಆ ತುದಿಯನ್ನು ಮೇಲಕ್ಕೆ ತಳ್ಳುತ್ತದೆ, ಸಲಾಕೆ ಕೊಂಚ ಓರೆಯಾಗುತ್ತದೆ. ಓರೆಯಾದೊಡನೆ ಅದು ರಂಧ್ರದ ಮೇಲ್ಬಾಯಿಯ ಹಿಂಬದಿಗೂ ಕೆಳಬಾಯಿಯ ಮುಂಬದಿಗೂ ಒತ್ತಿ ನಿಲ್ಲುತ್ತದೆ. ಆ ಎರಡು ಕಡೆಗಳ ಘರ್ಷಣೆಯೇ ಅದರ ಬಲ. ಬಾಗಿದ ಕತ್ತು ಸ್ಪ್ರಿಂಗಿನಂತೆ ಮರವನ್ನು ಅದುಮಿ ಹಿಡಿದಿರುತ್ತದೆ. ರಂಧ್ರ ತೀರ ಬಿಗಿಯಾಗಿದ್ದರೆ ಸಲಾಕೆ ಓರೆಯಾಗಲಾರದು, ಆದ್ದರಿಂದ ಹಿಡಿಯಲೂ ಆರದು.

ಗುರುನಿವಾಸದ ಹಿಂದಿನ ಕೊಟ್ಟಿಗೆಯಲ್ಲಿ ನನ್ನ ಪುಟ್ಟ ಕಾರ್ಯಾಗಾರವಿದೆ. ಹಳೆಯ ಮನೆಯೊಂದರ ಹೊನ್ನೆಯ ತೊಲೆಯಿಂದ ಸೀಳಿಸಿದ, ಮೂರು ಇಂಚು ದಪ್ಪದ ಹಲಗೆಗಳೇ ಅಲ್ಲಿಯ ಮೇಜಿನ ಮೈ. ಒಂದು ಇಂಚಿನ ತೆಳುಹಲಗೆ ಈ ಕೆಲಸಕ್ಕೆ ಒದಗುವುದಿಲ್ಲ. ಸಲಾಕೆಗೆ ಸಾಕಷ್ಟು ಆಸರೆ ಸಿಗದೆ ರಂಧ್ರದ ಅಂಚು ಬೇಗನೆ ಜಜ್ಜಿಹೋಗುತ್ತದೆ. ನಾಲ್ಕು ಇಂಚನ್ನು ಮೀರಿದ ದಪ್ಪವಿದ್ದರೆ ಈ ಅಳತೆಯ ಸಲಾಕೆ ಓರೆಯಾಗಲು ಕಷ್ಟವಾಗುತ್ತದೆ, ಆಗ ಅಡಿಯಿಂದ ರಂಧ್ರವನ್ನು ಅಗಲಿಸಬೇಕು. ಕೊಕ್ಕೆಯ ಚಾಚು ಸುಮಾರು ಒಂದು ಗೇಣು. ಆದ್ದರಿಂದ ಎರಡು ರಂಧ್ರಗಳ ನಡುವಣ ಅಂತರ ಎರಡು ಗೇಣಿಗಿಂತ ಕಡಿಮೆಯಿದ್ದರೆ ಮೇಜಿನ ಯಾವ ಮೂಲೆಯೂ ಹಿಡಿತದಿಂದ ತಪ್ಪುವುದಿಲ್ಲ. ಸಲಾಕೆ ನುಣುಪಾಗಿ ಜಾರುತ್ತಿದ್ದರೆ ಎಣ್ಣೆಯ ಅಂಶವನ್ನು ಒರೆಸಿ, ಎಮರಿ ಕಾಗದದಿಂದ ಅದರ ಸುತ್ತ ಅಡ್ಡಡ್ಡಲಾಗಿ ಉಜ್ಜಿದರೆ ಸಾಕು, ಮತ್ತೆ ಕಚ್ಚಿಕೊಳ್ಳುತ್ತದೆ.

ಇನ್ನೊಂದು ನಿಯಮವುಂಟು. ಕಬ್ಬಿಣದ ತುದಿ ಮರವನ್ನು ನೇರವಾಗಿ ಮುಟ್ಟಬಾರದು. ನಡುವೆ ಒಂದು ಚೂರು ಹಲಗೆಯನ್ನು ಇರಿಸಬೇಕು. ಪೆಟ್ಟಿನ ಗುರುತು ಆ ಚೂರಿನ ಮೇಲೆ ಮೂಡುತ್ತದೆ, ಮಾಡುತ್ತಿರುವ ವಸ್ತುವಿನ ಮೇಲಲ್ಲ. ಕೆಲಸ ಮುಗಿದಾಗ ಸಲಾಕೆಯ ಬೆನ್ನಿಗೆ ಹಿಂದಿನಿಂದ ಒಂದು ಲಘು ಪೆಟ್ಟು. ಓರೆ ನೇರವಾಗುತ್ತದೆ, ಹಿಡಿತ ಕಳಚುತ್ತದೆ.

ಶನಿವಾರದ ಮಧ್ಯಾಹ್ನ ಧರ್ಮಕೇಂದ್ರದ ನಾಲ್ಕಾರು ಹುಡುಗರು ಕೊಟ್ಟಿಗೆಗೆ ಬರುತ್ತಾರೆ. ಅವರು ಆ ಸಲಾಕೆಗೆ ‘ಕೊಕ್ಕರೆ’ ಎಂದು ಹೆಸರಿಟ್ಟಿದ್ದಾರೆ. ಅವರಿಗೆ ನಾನು ಮೊದಲ ದಿನ ಕಲಿಸುವುದು ಉಳಿ ಹಿಡಿಯುವುದನ್ನಲ್ಲ, ಕೊಕ್ಕರೆ ಹೂಡುವುದನ್ನು. ಮರವನ್ನು ಕಬ್ಬಿಣ ಹಿಡಿದುಕೊಂಡರೆ ಎರಡೂ ಕೈಗಳು ಉಪಕರಣದ ಹಿಂದೆ ಇರಬಹುದು. ಅಲಗಿನ ಮುಂದೆ ಕೈಯೂ ಇಲ್ಲ, ಕಾಲೂ ಇಲ್ಲ. ಒಮ್ಮೆ ಒಬ್ಬ ಹುಡುಗನ ಉಳಿ ಗಂಟಿಗೆ ತಗುಲಿ ಜಾರಿತು. ಎದುರಿಗಿದ್ದ ಮೇಜಿನ ಮೇಲೆ ಒಂದು ಗೀರು ಬಿತ್ತು, ಅಷ್ಟೇ. ಅವನು ನಕ್ಕು ಕೆಲಸ ಮುಂದುವರಿಸಿದ. ಆ ಗೀರನ್ನು ನಾನು ಬಹಳ ಹೊತ್ತು ನೋಡುತ್ತ ನಿಂತೆ. ತಂದೆಯವರ ಪಾದದ ಮೇಲಿದ್ದದ್ದು ಅದೇ ಉದ್ದದ ಗೀರು.

ಮಕ್ಕಳನ್ನು ಬೆಳೆಸುವ ತಂದೆತಾಯಿಗಳು ನನ್ನೊಡನೆ ಆಗಾಗ ಮಾತನಾಡುತ್ತಾರೆ. ಬಿಗಿ ಹಿಡಿಯಬೇಕೋ ಸಡಿಲ ಬಿಡಬೇಕೋ ಎಂಬುದು ಅವರ ಚಿಂತೆ. ಮನುಷ್ಯರು ಮರದ ತುಂಡುಗಳಲ್ಲ, ಮೇಜಿನ ಪಾಠವೆಲ್ಲ ಮನೆಗೆ ಹೊಂದುವುದಿಲ್ಲ. ಆದರೂ ಈ ಸೇವಕನಲ್ಲಿ ಗಮನಿಸತಕ್ಕ ಗುಣವೊಂದಿದೆ. ಅವನು ಹಿಡಿಯುವುದು ಕೆಲಸದ ಹೊತ್ತಿಗೆ ಮಾತ್ರ. ಹಿಡಿದಾಗ ಅಲುಗಗೊಡುವುದಿಲ್ಲ. ಪೆಟ್ಟಿನ ಗುರುತನ್ನು ವಸ್ತುವಿನ ಮೇಲೆ ಉಳಿಸುವುದಿಲ್ಲ. ಬಿಡುವ ಹೊತ್ತು ಬಂದಾಗ ಪಟ್ಟು ಹಿಡಿದು ಕೂರುವುದಿಲ್ಲ.

ಮನೆಯಲ್ಲಿ ಮರಗೆಲಸ ಆರಂಭಿಸಬೇಕೆಂದಿರುವ ಓದುಗರಿಗೆ, ವಿಶೇಷವಾಗಿ ಮಕ್ಕಳ ಕೈಗೆ ಉಳಿ ಕೊಡಲಿರುವವರಿಗೆ, ನನ್ನದೊಂದು ವಿನಂತಿ. ಹರಿತವಾದ ಉಪಕರಣಗಳಿಗೆ ಹಣ ತೆಗೆದಿಡುವ ಮೊದಲು ಒಂದು ದಪ್ಪ ಹಲಗೆಯನ್ನು ಹುಡುಕಿರಿ, ಅದರಲ್ಲಿ ನಾಲ್ಕು ರಂಧ್ರ ಕೊರೆಯಿಸಿರಿ. ನಿಮ್ಮ ಊರಿನಲ್ಲಿ ಇನ್ನೂ ಉರಿಯುತ್ತಿರುವ ಕುಲುಮೆಯೊಂದಿದ್ದರೆ ಅಲ್ಲಿಗೆ ಹೋಗಿ ಎರಡು ಕೊಕ್ಕೆಗಳನ್ನು ಮಾಡಿಸಿರಿ. ಉಳಿಯನ್ನು ಆಮೇಲೆ ಕೊಳ್ಳಬಹುದು.