ಅನಾಹೈಮಿನ ತಿಂಡಿಕಟ್ಟೆ

ಅಮೆರಿಕೆಗೆ ಹೋಗಿಬಂದವರು ನಯಾಗರ ಜಲಪಾತದಿಂದ ಬರವಣಿಗೆಯನ್ನು ಆರಂಭಿಸುವುದು ವಾಡಿಕೆ. ನಾವು ನಯಾಗರವನ್ನು ನೋಡಲಿಲ್ಲ. 2019ರ ಅಕ್ಟೋಬರಿನಲ್ಲಿ ಮಗನ ಮನೆಯಲ್ಲಿ ಕೆಲವು ವಾರಗಳಿದ್ದು, ಕ್ಯಾಲಿಫೋರ್ನಿಯಾದ ದಕ್ಷಿಣ ಭಾಗವನ್ನಷ್ಟೇ ಕಂಡು, ತಾಳವಾಡಿಗೆ ಹಿಂದಿರುಗಿದೆವು. ಕಂಡದ್ದರಲ್ಲಿ ಒಂದು ತಿಂಡಿಯ ಅಂಗಡಿಯ ವೃತ್ತಾಂತವನ್ನು ಮಾತ್ರ ಇಲ್ಲಿ ಬರೆಯುತ್ತೇವೆ. ಇಷ್ಟು ದೂರ ಹೋಗಿ ತಿಂಡಿಯಂಗಡಿಯನ್ನು ನೋಡಿ ಬಂದರೆ ಎಂದು ವಾಚಕರು ನಗಬಹುದು. ಆದರೆ ನಾವು ಇಪ್ಪತ್ತಾರು ವರ್ಷ ನಮ್ಮೂರಿನ ಬಸ್ ನಿಲ್ದಾಣದ ಬಳಿ ಕಾಫಿ ತಿಂಡಿಯ ಹೋಟೆಲು ನಡೆಸಿದವರು. ಮೇಲೆ ತಮಿಳು, ಕೆಳಗೆ ಕನ್ನಡ ಬರೆದ ಅದರ ಬೋರ್ಡು ಇನ್ನೂ ಗೋಡೆಯ ಮೇಲಿತ್ತು. ಬಾಗಿಲು ಮಾತ್ರ ಮುಚ್ಚಿ ಮೂರು ವರ್ಷವಾಗಿತ್ತು. ಅಡಿಗೆಯ ಭಟ್ಟರು ಮೈಸೂರಿಗೆ, ಸಪ್ಲೈ ಹುಡುಗರು ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೆ ಹೊರಟುಹೋದ ಮೇಲೆ ಗಲ್ಲಾದಲ್ಲಿ ನಾವೊಬ್ಬರೇ ಕುಳಿತು ಮಾಡುವುದೇನು? ಮೊಬೈಲ್ ಫೋನಿನ ವ್ಯಾಪಾರಿಯೊಬ್ಬರು ಕಟ್ಟಡವನ್ನು ಕ್ರಯಕ್ಕೆ ಕೇಳಿದ್ದರು. ಮಗನ ಅಭಿಪ್ರಾಯವೂ ಮಾರಿಬಿಡುವುದೇ ಲೇಸೆಂದಿತ್ತು. ಪ್ರವಾಸ ಮುಗಿಸಿ ಬಂದು ಉತ್ತರ ಹೇಳುತ್ತೇವೆಂದು ವ್ಯಾಪಾರಿಗೆ ವಾಯಿದೆ ಹೇಳಿ ವಿಮಾನ ಹತ್ತಿದ್ದೆವು.

ಲಾಸ್ ಏಂಜಲೀಸ್ ಪಟ್ಟಣದ ಆಗ್ನೇಯಕ್ಕಿರುವ ಅನಾಹೈಮ್ ಎಂಬ ಊರಿನಲ್ಲಿ ಡಿಸ್ನಿಲ್ಯಾಂಡ್ ಇದೆ. ಕಿತ್ತಳೆಯ ತೋಟಗಳಿದ್ದ ನೆಲವನ್ನು ಕೊಂಡು ವಾಲ್ಟ್ ಡಿಸ್ನಿ ಕಟ್ಟಿಸಿದ ಈ ವಿನೋದೋದ್ಯಾನವು 1955ರ ಜುಲೈ 17ರಂದು ಪ್ರಾರಂಭವಾಯಿತು. ಮೊಮ್ಮಗಳಿಗೆ ರಜೆ ದೊರೆತ ಒಂದು ಮಂಗಳವಾರ ನಮ್ಮನ್ನೆಲ್ಲ ಅಲ್ಲಿಗೆ ಕರೆದೊಯ್ದರು. ನಮ್ಮಲ್ಲಿ ಆಯುಧಪೂಜೆ ಮುಗಿದಿತ್ತು. ಅಲ್ಲಿ ಹ್ಯಾಲೋವೀನ್ ಹಬ್ಬದ ಸಡಗರ. ಎಲ್ಲಿ ನೋಡಿದರೂ ಕುಂಬಳಕಾಯಿ. ನಮ್ಮದು ಬೂದುಗುಂಬಳ, ಅವರದು ಸಿಹಿಗುಂಬಳ. ನಾವು ಒಡೆಯುತ್ತೇವೆ, ಅವರು ಕಣ್ಣು ಮೂಗು ಕೊರೆಯುತ್ತಾರೆ. ವ್ಯತ್ಯಾಸ ಅಷ್ಟೇ ಎಂದು ನಮ್ಮ ಶ್ರೀಮತಿಯವರು ತೀರ್ಪು ಕೊಟ್ಟರು.

ಆ ಬೆಳಿಗ್ಗೆ ಕಂಡ ಕೋಟೆ, ರೈಲು, ಗಿರಗಟ್ಟಲೆಗಳನ್ನು ವರ್ಣಿಸುವ ಉತ್ಸಾಹ ನಮಗಿಲ್ಲ. ಅವೆಲ್ಲ ಮಕ್ಕಳಿಗೆ ಸೇರಿದ್ದು. ಜಂಗಲ್ ಕ್ರೂಸ್ ಎಂಬ ದೋಣಿಯ ವಿಹಾರವನ್ನು ಮಾತ್ರ ಬಿಡಲಾಗದು. ಉದ್ಯಾನ ಪ್ರಾರಂಭವಾದ ದಿನದಿಂದಲೂ ಇರುವ ವಿಹಾರವಿದು. ಕೃತಕ ನದಿ, ದಟ್ಟವಾಗಿ ಬೆಳೆಸಿದ ನಿಜವಾದ ಗಿಡಮರಗಳು, ನಡುವೆ ಯಂತ್ರದ ಪ್ರಾಣಿಗಳು. 1962ರಲ್ಲಿ ಸೇರಿಸಿದ ಒಂದು ಮಡುವಿನಲ್ಲಿ ಭಾರತದ ಆನೆಗಳ ಹಿಂಡು ಸ್ನಾನ ಮಾಡುತ್ತದೆ. ಸೊಂಡಿಲಿನಿಂದ ನೀರು ಚಿಮ್ಮುತ್ತದೆ, ಮರಿಯಾನೆ ನೀರಿಗೆ ಮುಳುಗಿ ಏಳುತ್ತದೆ. ದೋಣಿಯವರೆಲ್ಲ ಕೈತಟ್ಟಿ ನಕ್ಕರು. ನಮಗೆ ನಗು ಬರಲಿಲ್ಲ. ರಾತ್ರಿ ಬಾಳೆಯ ತೋಟಕ್ಕೆ ಆನೆ ಬಂತೆಂಬ ಕೂಗು ಕೇಳಿದೊಡನೆ ಪಟಾಕಿ, ಟಾರ್ಚು ಹಿಡಿದು ಓಡುವ ಊರಿನವರು ನಾವು. ಯಂತ್ರವೆಂದು ಬಲ್ಲೆವಾದರೂ ಕೈ ತಾನಾಗಿ ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದಿತ್ತು.

ದೋಣಿಯಿಂದ ಇಳಿಯುವ ಹೊತ್ತಿಗೆ ಶ್ರೀಮತಿಯವರ ಮಂಡಿ ಮಾತು ಕೇಳದಾಯಿತು. ಮಗ ಸೊಸೆಯರು ಹೊಸದೊಂದು ವಿಭಾಗವನ್ನು ನೋಡಲು ಹೊರಟರು; ಆ ವರ್ಷ ಮೇ ತಿಂಗಳಿನ ಕೊನೆಯಲ್ಲಷ್ಟೇ ತೆರೆದ ನಕ್ಷತ್ರಯುದ್ಧಗಳ ಲೋಕವಂತೆ. ಮೊಮ್ಮಗಳು ಮಾತ್ರ ಅಜ್ಜಿಯ ಸೆರಗನ್ನು ಬಿಡಲಿಲ್ಲ. ಕುಳಿತುಕೊಳ್ಳಲು ನೆರಳಿಗಾಗಿ ನಾವು ಮೂವರೂ ನಾಲ್ಕು ಹೆಜ್ಜೆ ನಡೆದಾಗ ದೋಣಿಯ ಕಟ್ಟೆಗೂ ಮಗ್ಗುಲಿನ ಹುಲ್ಲು ಮಾಡಿನ ಮಂದಿರಕ್ಕೂ ನಡುವೆ ಒಳಕ್ಕೆ ಹೋಗುವ ಒಂದು ದಾರಿ ಕಂಡಿತು. ಹೊರಗಿನ ಜನಪ್ರವಾಹದ ಬಹುಪಾಲು ಅದನ್ನು ಕಾಣದೆ ಮುಂದೆ ಸಾಗುತ್ತಿತ್ತು. ಒಳಗೆ ಹೋದರೆ ಮರದ ಮೇಜುಗಳು, ಮೇಲೆ ನೆರಳಿನ ಹೊದಿಕೆ, ತೂಗುವ ಲಾಂದ್ರಗಳು. ಅಂಚಿನಲ್ಲಿ ಹಸಿರು ನೀರು. ನಾವು ಈಗತಾನೆ ಇಳಿದಿದ್ದ ದೋಣಿಗಳು ಆ ನೀರಿನ ಮೇಲೆ ಒಂದೊಂದಾಗಿ ಹೋಗುತ್ತಿದ್ದವು. ಜಾಗದ ಹೆಸರು ಟ್ರಾಪಿಕಲ್ ಹೈಡ್‌ಅವೇ. ಉಷ್ಣವಲಯದ ಅಡಗುತಾಣವೆಂದು ಕನ್ನಡಿಸಬಹುದು.

ಈ ಮೂಲೆಯ ಪೂರ್ವೋತ್ತರವನ್ನು ಮಗ ಆಮೇಲೆ ವಿವರಿಸಿದ. ನಾವೂ ಓದಿ ತಿಳಿದೆವು. ಮೊದಲು ಇಲ್ಲಿ ಟಹೀಷಿಯನ್ ಟೆರೇಸ್ ಎಂಬ ಭೋಜನಾಲಯವಿತ್ತು. 1962ರಲ್ಲಿ ತೆರೆದದ್ದು. ಮೇಜಿಗೆ ಊಟ ಬರುತ್ತಿತ್ತು. ಎದುರಿನ ವೇದಿಕೆಯ ಮೇಲೆ ಪೆಸಿಫಿಕ್ ದ್ವೀಪಗಳ ನರ್ತನ, ಉರಿಯುವ ಕತ್ತಿಯನ್ನು ತಿರುಗಿಸುವ ಕೌಶಲ. ಬೆನ್ನಿಗೆ ಬೆನ್ನು ಕೊಟ್ಟು ನಿಂತ ಇನ್ನೊಂದು ಭೋಜನಾಲಯಕ್ಕೂ ಇದಕ್ಕೂ ಒಂದೇ ಅಡಿಗೆಮನೆ. ಇದನ್ನು ಕೇಳಿ ಹೋಟೆಲಿನವರಾದ ನಮಗೆ ಬಹಳ ಗೌರವವುಂಟಾಯಿತು. ಎರಡು ಬಾಗಿಲಿಗೆ ಒಂದೇ ಒಲೆ ಎನ್ನುವುದು ಬಲ್ಲವರ ಲೆಕ್ಕ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಡೆದ ಟೆರೇಸ್ 1993ರಲ್ಲಿ ಮುಚ್ಚಿತು. ಹಿಂದಿನ ವರ್ಷ ತೆರೆಕಂಡಿದ್ದ ಅಲಾದಿನ್ ಚಿತ್ರ ಜನಪ್ರಿಯವಾಗಿತ್ತಷ್ಟೆ, ಆದ್ದರಿಂದ ಅದೇ ಬೇಸಿಗೆಯಲ್ಲಿ ಆ ಜಾಗಕ್ಕೆ ಅರಬ್ಬೀ ವೇಷ ತೊಡಿಸಿ ಅಲಾದಿನ್ಸ್ ಓಯಸಿಸ್ ಎಂದು ಹೆಸರಿಟ್ಟರು. ಆ ಭೋಜನ ಪ್ರದರ್ಶನ ಬಹುಕಾಲ ಬಾಳಲಿಲ್ಲ. ಅನಂತರ ಕೆಲಕಾಲ ಮಕ್ಕಳಿಗೆ ಕಥೆ ಹೇಳುವ ಕಾರ್ಯಕ್ರಮ, ಕೆಲಕಾಲ ಏನೂ ಇಲ್ಲ. ಇಷ್ಟು ಬೆಲೆಬಾಳುವ ಉದ್ಯಾನದ ನಟ್ಟನಡುವೆ, ನದಿಯ ದಂಡೆಯಲ್ಲಿ, ಬಳಕೆಯಿಲ್ಲದ ಒಂದು ಅಂಗಳ!

ಇತ್ತ ಪಕ್ಕದ ಮಂದಿರದ ಕಥೆ ಬೇರೆ. ಎನ್‌ಚಾಂಟೆಡ್ ಟಿಕಿ ರೂಂ ಎಂಬ ಅದು 1963ರ ಜೂನ್ 23ರಂದು ತೆರೆಯಿತು. ನೂರೈವತ್ತಕ್ಕೂ ಹೆಚ್ಚು ಯಂತ್ರದ ಹಕ್ಕಿ, ಹೂವು, ವಿಗ್ರಹಗಳು ಒಟ್ಟಾಗಿ ಹಾಡುವ ಸೋಜಿಗ. ಮೊದಲು ಅದನ್ನೂ ಭೋಜನಾಲಯವಾಗಿಯೇ ಯೋಜಿಸಿದ್ದರಂತೆ. ಹಕ್ಕಿಗಳು ಹಾಡುತ್ತಿದ್ದರೆ ಉಣ್ಣುವವರು ಮೇಜು ಬಿಟ್ಟು ಏಳುವುದೆಂತು ಎಂಬ ಯೋಚನೆ ಬಂದು ಆ ಸಂಕಲ್ಪವನ್ನು ಕೈಬಿಟ್ಟರೆಂದು ಹೇಳುತ್ತಾರೆ. ಒಂದು ಕಾಫಿಗೆ ಎರಡು ತಾಸು ಕುಳಿತು ಪೇಪರಿನ ಜಾಹೀರಾತನ್ನೂ ಬಿಡದೆ ಓದುವ ಗಿರಾಕಿಗಳನ್ನು ಕಂಡಿರುವ ನಮಗೆ ಇದರ ಸತ್ಯ ಕೂಡಲೆ ಹೊಳೆಯಿತು. 1976ರಿಂದ ಡೋಲ್ ಎಂಬ ಅನಾನಸಿನ ಕಂಪನಿಯವರು ಆ ಮಂದಿರದ ಪ್ರಾಯೋಜಕರು. ಅದರ ಮುಂಭಾಗದ ಪುಟ್ಟ ಗೂಡಂಗಡಿಯಲ್ಲಿ ಮೊದಲು ರಸ, ಎಂಬತ್ತರ ದಶಕದಿಂದ ಡೋಲ್ ವಿಪ್ ಎಂಬ ಅನಾನಸಿನ ಮೆದು ಐಸ್. ಇದರಲ್ಲಿ ಹಾಲಿಲ್ಲ, ಮೊಟ್ಟೆಯಿಲ್ಲ. ಕಾಲಕ್ರಮದಲ್ಲಿ ಅದರ ಕೀರ್ತಿ ಎಷ್ಟಾಯಿತೆಂದರೆ ಗೂಡಂಗಡಿಯ ಮುಂದಿನ ಸಾಲು ದಾರಿಯನ್ನೇ ಕಟ್ಟತೊಡಗಿತು. ಒಂದು ಕಡೆ ನಿಲ್ಲಲು ಜಾಗವಿಲ್ಲದ ನೂಕುನುಗ್ಗಲು, ಗೋಡೆಯಾಚೆ ಯಾರೂ ಇಲ್ಲದ ಅಂಗಳ. 2018ರ ಡಿಸೆಂಬರಿನಲ್ಲಿ ಆ ಅಂಗಳವೇ ಟ್ರಾಪಿಕಲ್ ಹೈಡ್‌ಅವೇ ಆಗಿ ತೆರೆಯಿತು. ಅದೇ ಐಸು ಇಲ್ಲಿಯೂ ದೊರೆಯುತ್ತದೆ, ಕುಳಿತು ತಿನ್ನಬಹುದು.

ನಾವು ಹೋದಾಗ ಅನಾನಸಿನ ಜೊತೆಗೆ ಕಿತ್ತಳೆ, ರಾಸ್‌ಬೆರಿಗಳ ಐಸೂ ಇತ್ತು. ಬಾವೋ ಎಂಬ ಚೀನೀ ತಿಂಡಿಯಿತ್ತು. ಹಬೆಯಲ್ಲಿ ಬೆಂದ ಬಿಳಿಯ ಮೈದಾ ಹಿಟ್ಟಿನ ಉಂಡೆ, ಒಳಗೆ ಹೂರಣ. ತರಕಾರಿಯದೊಂದನ್ನು ಕೇಳಿ ಪಡೆದೆವು. ನಮ್ಮ ಶ್ರೀಮತಿಯವರು ಅದನ್ನು ಎರಡಾಗಿ ಮುರಿದು, ಮೂಸಿ, ಬೆರಳಿನಿಂದ ಒತ್ತಿ, “ಕಡುಬಿಗೆ ಪಲ್ಯ ತುಂಬಿದ್ದಾರೆ, ಹಿಟ್ಟು ಚೆನ್ನಾಗಿ ಹುದುಗಿದೆ, ಉಪ್ಪು ಸಾಲದು” ಎಂದರು. ಅವರ ಪ್ರಮಾಣಪತ್ರ ಅಷ್ಟು ಸುಲಭವಾಗಿ ಯಾರಿಗೂ ದೊರೆಯುವುದಿಲ್ಲ. ಬೆಲೆಯನ್ನು ಎಪ್ಪತ್ತರಿಂದ ಗುಣಿಸಿ ನೋಡಬಾರದೆಂದು ಮಗ ಮೊದಲೇ ಎಚ್ಚರಿಸಿದ್ದ. ಗುಣಿಸಿದೆವು. ಆ ವಿಷಯ ಇಲ್ಲಿಗೇ ಸಾಕು.

ಮಾಡಿನ ಕೆಳಗೆ ಎತ್ತರದ ಕೊಂಬೆಯ ಮೇಲೆ ಯಂತ್ರದ ಹಕ್ಕಿಯೊಂದು ಕುಳಿತು ಚುಟುಕು ಹಾಸ್ಯಗಳನ್ನು ಹೇಳುತ್ತಿತ್ತು. ಹೆಸರು ರೋಸಿಟಾ. ಇದರ ಹಿನ್ನೆಲೆಯನ್ನು ಮೊಮ್ಮಗಳು ತನ್ನ ಅರೆಬರೆ ಕನ್ನಡದಲ್ಲಿ ವಿವರಿಸಿದಳು. ಪಕ್ಕದ ಮಂದಿರದ ಪ್ರದರ್ಶನದಲ್ಲಿ ಹೋಸೆ ಎಂಬ ಗಿಳಿ ಬಿಳಿಯ ಹೆಣ್ಣು ಹಕ್ಕಿಗಳ ಮೇಳವನ್ನು ನೋಡಿ, ರೋಸಿಟಾ ಏನಾದಳೋ ಎಂದು ಪೇಚಾಡುತ್ತದೆ. ಪ್ರತಿದಿನ, ಪ್ರತಿ ಪ್ರದರ್ಶನದಲ್ಲಿ ಅದೇ ಪ್ರಶ್ನೆ, ಉತ್ತರವಿಲ್ಲ. ಐವತ್ತೈದು ವರ್ಷ ಕಳೆದ ಮೇಲೆ, ಈ ಅಂಗಳವನ್ನು ತೆರೆದಾಗ, ರೋಸಿಟಾ ಇಲ್ಲಿ ಪ್ರತ್ಯಕ್ಷಳಾದಳು. “ತಾತ, ಅವಳು ಪಕ್ಕದಲ್ಲೇ ಇದ್ದಳು. ಹೋಸೆ ಬಂದು ನೋಡಲೇ ಇಲ್ಲ,” ಎಂದಳು ಮಗು.

ಅಜ್ಜಿ ಮೊಮ್ಮಗಳ ನಡುವೆ ಅಷ್ಟು ದಿನವೂ ಮಾತು ಹೆಚ್ಚಾಗಿ ನಡೆದಿರಲಿಲ್ಲ. ಮನೆಯಲ್ಲಿ ಮಗುವಿಗೆ ಶಾಲೆ, ಈಜು, ಪಿಯಾನೋ. ಅಜ್ಜಿಗೆ ಇಂಗ್ಲಿಷು ಬಾರದು. ಆ ಮೇಜಿನಲ್ಲಿ ಮಾಡಲು ಬೇರೆ ಕೆಲಸವಿಲ್ಲದ್ದರಿಂದ ಒಂದೂವರೆ ತಾಸು ಇಬ್ಬರೂ ಕನ್ನಡದಲ್ಲಿಯೇ ಮಾತಾಡಿದರು. ನಿಮ್ಮ ಊರಿನ ಆನೆಗೂ ಹೀಗೆಯೇ ಸ್ನಾನ ಮಾಡಿಸುತ್ತಾರೆಯೆ ಎಂದು ಮಗು ಕೇಳಿತು. ಅಜ್ಜಿ ನಮ್ಮ ತೋಟದ ಬಾಳೆಯನ್ನು ಒಂದೇ ರಾತ್ರಿಯಲ್ಲಿ ಮಲಗಿಸಿದ ಒಂಟಿಸಲಗದ ಕಥೆಯನ್ನು ಹೇಳಿದರು. ದಿಂಬಂ ಘಟ್ಟದ ಇಪ್ಪತ್ತೇಳು ತಿರುವುಗಳನ್ನು ಮೇಜಿನ ಮೇಲೆ ಐಸಿನ ನೀರಿನಿಂದ ಬೆರಳಲ್ಲಿ ಬರೆದು ತೋರಿಸಿದರು. ಮಗು ತಿರುವುಗಳನ್ನು ಕನ್ನಡದಲ್ಲಿ ಎಣಿಸಿತು, ಹದಿನೆಂಟರ ಬಳಿಕ ತಡವರಿಸಿತು, ಅಜ್ಜಿ ಎತ್ತಿಕೊಟ್ಟರು.

ನಾವಾದರೋ ಹಳೆಯ ಅಭ್ಯಾಸದಂತೆ ಅಂಗಡಿಯನ್ನು ಅಳೆಯುತ್ತ ಕುಳಿತಿದ್ದೆವು. ಮೇಜಿಗೆ ಬಂದು ಕೇಳುವವರಿಲ್ಲ. ಫೋನಿನಲ್ಲಿಯೋ ಕಟಕಟೆಯಲ್ಲಿಯೋ ಹೇಳಿ, ಗಿರಾಕಿಯೇ ತಟ್ಟೆ ಹಿಡಿದು ಬರಬೇಕು. ನಾಲ್ಕಾರು ಪದಾರ್ಥ, ಅದಕ್ಕಿಂತ ಹೆಚ್ಚಿಲ್ಲ. ತಿಂದ ಬಟ್ಟಲು ಬುಟ್ಟಿಗೆ; ತೊಳೆಯುವ ಗೋಜಿಲ್ಲ. (ಇದು ನಮಗೆ ಹಿಡಿಸಲಿಲ್ಲ. ಅಷ್ಟು ಬಟ್ಟಲು ದಿನವೂ ಎಲ್ಲಿಗೆ ಹೋಗುತ್ತದೆ?) ಹಿಂದೆ ಇಲ್ಲಿ ಎಲ್ಲರ ಮುಖವೂ ವೇದಿಕೆಯ ಕಡೆಗಿರುತ್ತಿತ್ತು. ಈಗ ವೇದಿಕೆಯಿಲ್ಲ, ನರ್ತಕರ ಸಂಬಳವಿಲ್ಲ. ಜನರು ನೀರಿನ ಕಡೆಗೆ ಮುಖ ಮಾಡಿ ಕುಳಿತು ಹಾಯುವ ದೋಣಿಗಳನ್ನು ನೋಡುತ್ತಾರೆ. ದೋಣಿಯವರು ಇವರನ್ನು ನೋಡಿ ಕೈಬೀಸುತ್ತಾರೆ. ಒಂದು ಕಾಸು ಖರ್ಚಿಲ್ಲದ ಪ್ರದರ್ಶನ! ಹಿಂದಿನ ಎರಡು ಹೋಟೆಲುಗಳೂ ಊಟವನ್ನೂ ನಾಟಕವನ್ನೂ ಒಟ್ಟಿಗೆ ಹೊತ್ತು ಸೋತವೋ ಏನೋ ಎಂದು ನಮಗೆ ತೋರಿತು. ಟೆರೇಸಿನ ನರ್ತನವನ್ನು ಕಂಡವರು ಈ ಮಾತನ್ನು ಒಪ್ಪದಿರಬಹುದು.

“ನೋಡಿದಿರಾ,” ಎಂದರು ಶ್ರೀಮತಿಯವರು, ನಾವು ಏನನ್ನು ಎಣಿಸುತ್ತಿದ್ದೇವೆಂದು ಬಲ್ಲವರಂತೆ. “ನಮ್ಮ ಹೋಟೆಲಿನ ಹಿಂದಿನ ಜಗಲಿಯಲ್ಲಿ ಇಪ್ಪತ್ತಾರು ವರ್ಷ ಸೌದೆ ಒಟ್ಟಿದಿರಿ.”

ಆ ಜಗಲಿಯಿಂದ ಬಾಳೆಯ ತೋಟ, ಅದರಾಚೆ ಕಾಡಿನ ಬೆಟ್ಟ ಕಾಣುತ್ತದೆ. ಗಿರಾಕಿಗಳನ್ನೆಲ್ಲ ನಾವು ಬಸ್ಸಿನ ಹೊಗೆಯ ಕಡೆಗೆ ಮುಖ ಮಾಡಿ ಕೂರಿಸಿದ್ದೆವು. ಬಸ್ಸು ಹತ್ತುವವರಿಗೆ ಬಸ್ಸು ಕಾಣಬೇಡವೇ ಎಂದು ನಮ್ಮ ವಾದ. ವಾದವೇನೋ ಸರಿಯೇ. ಆದರೂ ಆ ರಾತ್ರಿ ನಮಗೆ ಬೇಗ ನಿದ್ರೆ ಬರಲಿಲ್ಲ.

ನವೆಂಬರಿನಲ್ಲಿ ಊರಿಗೆ ಬಂದು ಫೋನಿನ ವ್ಯಾಪಾರಿಗೆ ಮುಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟೆವು, ಕ್ರಯಕ್ಕೆ ಕೊಡಲಿಲ್ಲ. ಮಗ ದೂರವಾಣಿಯಲ್ಲಿ ಸ್ವಲ್ಪ ಬೇಸರಪಟ್ಟ. ಅವನ ಲೆಕ್ಕವೂ ತಪ್ಪಲ್ಲ, ಅಪ್ಪ ಅಮ್ಮ ಈ ವಯಸ್ಸಿನಲ್ಲಿ ಒಲೆಯ ಮುಂದೆ ನಿಲ್ಲುವುದನ್ನು ಯಾವ ಮಗ ಒಪ್ಪಿಯಾನು? ಸೌದೆ ತೆಗೆಸಿ, ಜಗಲಿಗೆ ಸುಣ್ಣ ಹೊಡೆಸಿ, ನಾಲ್ಕು ಬೆಂಚು ಹಾಕಿಸಿದೆವು. ಬೆಳಿಗ್ಗೆ ಇಡ್ಲಿ, ಸಾಯಂಕಾಲ ಬೋಂಡ, ಎರಡು ಹೊತ್ತೂ ಕಾಫಿ. ಬೇರೇನಿಲ್ಲ. ಲೋಟವನ್ನು ಗಿರಾಕಿಯೇ ತಂದುಕೊಂಡು, ಕುಡಿದ ಮೇಲೆ ತೊಟ್ಟಿಯ ಬಳಿ ಇಡಬೇಕು. ಮೊದಲ ವಾರ ಇದಕ್ಕೆ ಗೊಣಗಿದವರುಂಟು. ಗೌಡರ ಮನೆಯ ಹಿರಿಯರೊಬ್ಬರು ಒಂದು ದಿನ ಕಾಫಿಯನ್ನೇ ಬೇಡವೆಂದು ಎದ್ದುಹೋದರು. ಅವರು ತಿರುಗಿ ಬಂದದ್ದು ಹದಿನೈದು ದಿನಗಳ ಮೇಲೆ.

2020ರ ಮಾರ್ಚಿಯಲ್ಲಿ ಮಹಾಮಾರಿಯ ಕಾರಣ ನಮ್ಮ ಜಗಲಿ ಮುಚ್ಚಿತು. ಅದೇ ತಿಂಗಳ 14ರಂದು ಡಿಸ್ನಿಲ್ಯಾಂಡೂ ಮುಚ್ಚಿತ್ತು. ಅದರ ಬಾಗಿಲು ಮರಳಿ ತೆರೆದದ್ದು 2021ರ ಏಪ್ರಿಲ್ 30ರಂದು. ನಮ್ಮದು ಅದಕ್ಕಿಂತ ಮುಂಚೆಯೇ ತೆರೆಯಿತೆಂದು ಮೊಮ್ಮಗಳಿಗೆ ಹೇಳಿದಾಗ ಅವಳಿಗೆ ಬಹಳ ಸಂತೋಷವಾಯಿತು. ಅನಾನಸಿನ ಐಸು ಇಟ್ಟಿದ್ದೀರಾ ಎಂದು ಕೇಳಿದಳು. ಐಸು ಇಲ್ಲ, ಹಣ್ಣಿನ ಕಾಲದಲ್ಲಿ ಹೋಳು ಮಾಡಿ ಉಪ್ಪು ಖಾರದ ಪುಡಿ ಹಚ್ಚಿ ಕೊಡುತ್ತೇವೆಂದು ಅಜ್ಜಿ ಹೇಳಿದರು.

ಸಾಯಂಕಾಲ ಐದರಿಂದ ಏಳರವರೆಗೆ ಜಗಲಿ ತುಂಬಿರುತ್ತದೆ. ತೋಟದ ಕಡೆಯಿಂದ ಆನೆಯ ಸುದ್ದಿ ಬಂದ ದಿನ ಮಾತ್ರ ಬೋಂಡದ ಬಾಂಡಲೆಯನ್ನು ಬೇಗ ಇಳಿಸಿ, ಆರು ಗಂಟೆಗೇ ಬೆಂಚುಗಳನ್ನು ಒಳಗೆ ಎತ್ತಿಡುತ್ತೇವೆ.