ಹೆಸರು ದೊಡ್ಡದಾ, ಕೆಲಸ ದೊಡ್ಡದಾ?

ನಮ್ಮ ದೊಡ್ಡಪ್ಪನ ಮಗಳು ಮದುವೆಯಾಗಿ ಇಂಗ್ಲೆಂಡಿಗೆ ಹೋಗಿ ಇಪ್ಪತ್ತು ವರ್ಷ ಆಯ್ತು. ಅಕ್ಕನ ಮಗಳಿಗೆ ಈಗ 17. ಮುಂದಿನ ವರ್ಷ ಡಿಗ್ರಿಗೆ ಸೇರಬೇಕು. ಆರ್ಕಿಟೆಕ್ಚರ್ ಓದಲಾ, ಆರ್ಕಿಟೆಕ್ಚರಲ್ ಟೆಕ್ನಾಲಜಿ ಓದಲಾ ಅನ್ನೋದು ಅವಳ ಪ್ರಶ್ನೆ. ಅವಳ ಮನಸ್ಸು ಎರಡನೆಯದರ ಕಡೆಗೆ. ಅಕ್ಕನಿಗೆ ಅದೇ ಸಂಕಟ. "ಅದು ಡ್ರಾಫ್ಟ್ಸ್‌ಮನ್ ಕೆಲಸ ಅಲ್ವೇನೋ? ಇಷ್ಟು ದೂರ ಬಂದು ಅದನ್ನ ಓದಿಸ್ಬೇಕಾ?"

ನಾನು ಸಾಫ್ಟ್‌ವೇರ್‌ನವನು. ಆದರೆ ನಮ್ಮ ಕಡೆ ಇಂಜಿನಿಯರ್ ಅಂದಮೇಲೆ ಫ್ಯಾನ್ ರಿಪೇರಿಯಿಂದ ಸೇತುವೆವರೆಗೆ ಎಲ್ಲ ಗೊತ್ತಿರಲೇಬೇಕು. ಹಾಗಾಗಿ ಪ್ರಶ್ನೆ ನನ್ನ ತಲೆಗೆ ಬಂತು. ಎರಡು ವಾರಾಂತ್ಯ ಕೂತು ಓದಿದೆ. ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇಂಥ ಪ್ರಶ್ನೆ ಬರಬಹುದು.

ಒಂದು ಕಿಟಕಿ ತಗೊಳ್ಳಿ. ಅದು ಎಲ್ಲಿರಬೇಕು, ಎಷ್ಟು ಅಗಲ, ಬೆಳಗಿನ ಬಿಸಿಲು ಊಟದ ಮೇಜಿನ ಮೇಲೆ ಬೀಳಬೇಕಾ, ಕೂತವರಿಗೆ ಹೊರಗಿನ ಮರ ಕಾಣಬೇಕಾ? ಆರ್ಕಿಟೆಕ್ಚರ್ ತರಗತಿಯಲ್ಲಿ ಹೆಚ್ಚು ಹೊತ್ತು ನಡೆಯೋದು ಈ ಚರ್ಚೆ. ಅದೇ ಕಿಟಕಿ ಗೋಡೆಯೊಳಗೆ ಹೇಗೆ ಕೂರುತ್ತೆ ಅನ್ನೋದು ಟೆಕ್ನಾಲಜಿಯ ಪ್ರಶ್ನೆ. ಇಂಗ್ಲೆಂಡಿನ ಬಹಳಷ್ಟು ಮನೆಗಳ ಗೋಡೆ ಎರಡು ಪದರದ್ದು. ನಡುವೆ ಸಂದು, ಆ ಸಂದಿನಲ್ಲಿ ಚಳಿ ತಡೆಯುವ ಪದರ. ಕಿಟಕಿಯ ಅಂಚಿನಲ್ಲಿ ಆ ಪದರ ತುಂಡಾದರೆ ಅಷ್ಟು ಜಾಗ ತಣ್ಣಗಾಗುತ್ತೆ, ಒಳಗಿನ ಗಾಳಿಯ ತೇವ ಅಲ್ಲಿ ನೀರಾಗಿ ಕೂರುತ್ತೆ. ಚಳಿಗಾಲ ಮುಗಿಯುವಷ್ಟರಲ್ಲಿ ಕಪ್ಪು ಬೂಸ್ಟು. ಮಗುವಿಗೆ ಕೆಮ್ಮು. ಕಿಟಕಿ ಎಷ್ಟೇ ಚಂದ ಇದ್ದರೂ ಆ ಮನೆ ಸೋತಂತೆಯೇ.

ಎರಡೂ ಕೋರ್ಸಿನವರು ಎರಡನ್ನೂ ಸ್ವಲ್ಪ ಸ್ವಲ್ಪ ಓದುತ್ತಾರೆ. ವ್ಯತ್ಯಾಸ ಇರೋದು ಒತ್ತು ಎಲ್ಲಿ ಅನ್ನೋದರಲ್ಲಿ.

ಇನ್ನು ದಾರಿಯ ಲೆಕ್ಕ. ಬ್ರಿಟನ್ನಿನಲ್ಲಿ ಆರ್ಕಿಟೆಕ್ಟ್ ಆಗುವ ರೂಢಿಯ ದಾರಿ ಹೀಗಿದೆ: 3 ವರ್ಷದ ಡಿಗ್ರಿ, ಒಂದು ವರ್ಷ ಕೆಲಸ, 2 ವರ್ಷ ಸ್ನಾತಕೋತ್ತರ, ಮತ್ತೆ ಕೆಲಸದ ಅನುಭವ, ಕೊನೆಗೆ ಮೂರನೇ ಹಂತದ ಪರೀಕ್ಷೆ. ಕಡಿಮೆ ಅಂದರೂ ಏಳು ವರ್ಷ. ಆರ್ಕಿಟೆಕ್ಚರಲ್ ಟೆಕ್ನಾಲಜಿ 3 ವರ್ಷ, ನಡುವೆ ಒಂದು ವರ್ಷ ಕಂಪನಿಯಲ್ಲಿ ಕೆಲಸ ಮಾಡಿದರೆ 4. ಆಮೇಲೆ ಕೆಲಸ ಮಾಡುತ್ತಲೇ ಅವರದೇ ಸಂಸ್ಥೆಯಿಂದ 'ಚಾರ್ಟರ್ಡ್ ಆರ್ಕಿಟೆಕ್ಚರಲ್ ಟೆಕ್ನಾಲಜಿಸ್ಟ್' ಆಗಬಹುದು. ಆ ಸಂಸ್ಥೆ ಶುರುವಾಗಿದ್ದು 1965ರಲ್ಲಿ, ರಾಯಲ್ ಚಾರ್ಟರ್ ಸಿಕ್ಕಿದ್ದು 2005ರಲ್ಲಿ. ಚಾರ್ಟರ್ಡ್ ಆದವರು ಸ್ವಂತ ಆಫೀಸು ಇಟ್ಟು, ಪ್ರಾಜೆಕ್ಟನ್ನು ಮೊದಲಿನಿಂದ ಕೊನೆತನಕ ತಾವೇ ನಡೆಸಬಹುದು. ಅಂದರೆ ಅದು ಬೇರೆಯವರ ಗೆರೆ ತಿದ್ದುವ ಕೆಲಸವಲ್ಲ. ಇದನ್ನು ಹೇಳಿದಾಗ ಅಕ್ಕ ಸ್ವಲ್ಪ ಹೊತ್ತು ಸುಮ್ಮನಾದಳು.

ಆದರೆ ಒಂದು ಮಾತು ಮುಚ್ಚಿಡಬಾರದು. 1997ರ ಅಲ್ಲಿನ ಆರ್ಕಿಟೆಕ್ಟ್ಸ್ ಕಾಯ್ದೆ ಪ್ರಕಾರ ನೋಂದಣಿ ಆಗದವರು ತಮ್ಮನ್ನು 'ಆರ್ಕಿಟೆಕ್ಟ್' ಅಂತ ಕರೆದುಕೊಂಡು ವೃತ್ತಿ ಮಾಡುವ ಹಾಗಿಲ್ಲ. ಕಟ್ಟಡ ವಿನ್ಯಾಸ ಮಾಡಬಹುದು, ಆ ಹೆಸರು ಹಾಕುವ ಹಾಗಿಲ್ಲ. ನಮ್ಮ ದೇಶದ 1972ರ ಕಾಯ್ದೆಯೂ ಹೆಚ್ಚುಕಮ್ಮಿ ಹಾಗೇ. ಅದು ಕಾಪಾಡುವುದು ಹೆಸರನ್ನು, ಕೆಲಸವನ್ನಲ್ಲ ಎಂದು ನಮ್ಮ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ನಮ್ಮ ಐಟಿಯಲ್ಲಿ ನೋಡಿ, ಒಂದಷ್ಟು ವರ್ಷ ಕಳೆದರೆ ಸಾಕು, 'ಸೊಲ್ಯೂಷನ್ ಆರ್ಕಿಟೆಕ್ಟ್' ಅಂತ ಕಾರ್ಡ್ ಬರುತ್ತೆ. ಯಾರೂ ಕೇಳಲ್ಲ.

ಹೆಸರಿನ ಬೀಗ ಮುಂದೆ ತೊಂದರೆ ಕೊಡಬಹುದಾ? ಕೊಡಬಹುದು. ನಾಳೆ ಅವಳು ಬೆಂಗಳೂರಿಗೆ ಬಂದು ಕೆಲಸ ಮಾಡ್ತೀನಿ ಅಂದರೆ, ನಮ್ಮ ಕಾಯ್ದೆಯಲ್ಲಿರೋದು ಆರ್ಕಿಟೆಕ್ಟ್ ಅನ್ನೋ ಒಂದೇ ಹೆಸರು. ಟೆಕ್ನಾಲಜಿಸ್ಟ್ ಅನ್ನೋ ಖಾನೆಯೇ ಇಲ್ಲ. ಅಲ್ಲೇ ಉಳಿದು ಆಮೇಲೆ ಆರ್ಕಿಟೆಕ್ಟ್ ಆಗಬೇಕು ಅನ್ನಿಸಿದರೂ ದಾರಿ ಸುತ್ತು. ಅಲ್ಲಿನ ನೋಂದಣಿ ಮಂಡಳಿ ಈಗ ನಿಯಮ ಬದಲಿಸುತ್ತಿದೆ, ಸ್ನಾತಕೋತ್ತರ ಹಂತಕ್ಕೆ ಹೆಚ್ಚು ತೂಕ ಕೊಡುತ್ತಿದೆ. ಹಾಗಾಗಿ ಸೇರುವ ಮೊದಲೇ ಕಾಲೇಜಿನವರನ್ನು ಕೇಳಿ, ಉತ್ತರ ಇಮೇಲಿನಲ್ಲಿ ತಗೊಂಡಿರು ಅಂತ ಅವಳಿಗೆ ಹೇಳಿದ್ದೇನೆ.

ಇಷ್ಟೆಲ್ಲ ಲೆಕ್ಕ ಆದಮೇಲೂ ನನ್ನ ತಲೆಯಲ್ಲಿ ಉಳಿದದ್ದು ಗ್ರೆನ್‌ಫೆಲ್ ಟವರ್. ಲಂಡನ್ನಿನ 24 ಅಂತಸ್ತಿನ ವಸತಿ ಕಟ್ಟಡ. 2017ರ ಜೂನ್ 14ರ ರಾತ್ರಿ ಹೊತ್ತಿ ಉರಿದು 72 ಜನ ಸತ್ತರು. ಬೆಂಕಿ ಶುರುವಾದದ್ದು ಒಂದು ಫ್ಲಾಟಿನ ಅಡುಗೆಮನೆಯಲ್ಲಿ. ಆದರೆ ಕಟ್ಟಡ ನವೀಕರಿಸಿದಾಗ ಹೊರಗೋಡೆಗೆ ಹೊದಿಸಿದ್ದ ಹಾಳೆಗಳ ಒಳಗೆ ಪಾಲಿಥಿಲೀನ್ ಇತ್ತು. ಕಿಟಕಿಯ ಸುತ್ತ ಬೆಂಕಿ ತಡೆಯಬೇಕಾದ ಏರ್ಪಾಡೂ ಸರಿಯಿರಲಿಲ್ಲ. ವರ್ಷಗಟ್ಟಲೆ ನಡೆದ ವಿಚಾರಣೆಯ ಕೊನೆಯ ವರದಿ 2024ರಲ್ಲಿ ಬಂತು. ಸರ್ಕಾರ, ಸಾಮಗ್ರಿ ತಯಾರಿಸಿದವರು, ವಿನ್ಯಾಸ ಮಾಡಿದವರು, ಕಟ್ಟಿದವರು ಯಾರನ್ನೂ ಅದು ಬಿಟ್ಟಿಲ್ಲ. ಈ ಹಾಳೆ ಉರಿಯುತ್ತಾ, ಈ ಸಂದಿನಲ್ಲಿ ಬೆಂಕಿ ಮೇಲೇರುತ್ತಾ ಅನ್ನೋ ಪ್ರಶ್ನೆಯನ್ನು ಪ್ರತಿಯೊಬ್ಬರೂ ಇನ್ನೊಬ್ಬರು ನೋಡಿಕೊಳ್ತಾರೆ ಅಂದುಕೊಂಡಿದ್ದರು.

ಅಕ್ಕನಿಗೆ ಇದನ್ನೇ ಹೇಳಿದೆ. "ಅಕ್ಕಾ, ನೀನು ಸಣ್ಣದು ಅನ್ನೋ ಕೆಲಸ ಇದು. ಇದನ್ನ ಯಾರೂ ತಮ್ಮದು ಅಂದುಕೊಳ್ಳದೇ ಇದ್ದಾಗ ಏನಾಗುತ್ತೆ ಅಂತ ನೋಡು." ನಮ್ಮೂರಲ್ಲಿ ಈ ಜ್ಞಾನ ಬಹುಪಾಲು ಮೇಸ್ತ್ರಿಗಳ ಕೈಯಲ್ಲಿದೆ. ಸಜ್ಜಾ ಎಷ್ಟು ಮುಂದೆ ಬರಬೇಕು, ತಾರಸಿಯ ಇಳಿಜಾರು ಯಾವ ಕಡೆಗೆ ಅಂತ ಒಳ್ಳೆ ಮೇಸ್ತ್ರಿಗೆ ಗೊತ್ತು. ಮಳೆಗಾಲದಲ್ಲಿ ಮನೆ ಸೋರದಿದ್ದರೆ ಅದು ಅವರ ಪುಣ್ಯ. ಆದರೆ ಗೃಹಪ್ರವೇಶದ ಫೋಟೋದಲ್ಲಿ ಅವರು ಇರೋದು ಅಪರೂಪ.

ಹಾಗಂತ ಎಲ್ಲರೂ ಟೆಕ್ನಾಲಜಿ ಓದಿ ಅಂತ ನಾನು ಹೇಳಲ್ಲ. ಖಾಲಿ ಜಾಗ ನೋಡಿದಾಗ 'ಇಲ್ಲಿ ಏನಿರಬೇಕು' ಅನ್ನೋ ಪ್ರಶ್ನೆ ಬಿಡದೆ ಕಾಡುವವರು ಏಳು ವರ್ಷದ ದಾರಿಯನ್ನೇ ಹಿಡಿಯಲಿ, ಆ ಸಮಯ ಅವರಿಗೆ ಬೇಕು. 'ಇದು ಹೇಗೆ ನಿಂತಿದೆ, ನೀರು ಎಲ್ಲಿಂದ ಹೋಗುತ್ತೆ' ಅನ್ನೋದು ಮೊದಲು ಹೊಳೆದರೆ ಇನ್ನೊಂದು ದಾರಿ. ಕೆಲಸ ಸಿಕ್ಕಿ ಹತ್ತು ವರ್ಷ ಆದಮೇಲೂ, ಸೋಮವಾರ ಬೆಳಗ್ಗೆ ಯಾವ ಪ್ರಶ್ನೆ ಬೇಜಾರು ತರಲ್ಲ ಅಂತ ನೋಡಿಕೊಳ್ಳಬೇಕು.

ಅವಳನ್ನು ಕೇಳಿದೆ. "ಮಾಮ, ನಂಗೆ ಎರಡೂ ಬರುತ್ತೆ. ಆದ್ರೆ ಎರಡನೇದು ತಲೆಯಿಂದ ಹೋಗೋದೇ ಇಲ್ಲ" ಅಂದಳು. ಅಲ್ಲಿ ಒಂದೇ ಅರ್ಜಿಯಲ್ಲಿ ಐದು ಆಯ್ಕೆ ಕೊಡಬಹುದು. ಆದರೆ ಯಾಕೆ ಓದಬೇಕು ಅಂತ ಬರೆಯೋದು ಐದಕ್ಕೂ ಒಂದೇ. ನಾಲ್ಕು ಟೆಕ್ನಾಲಜಿಗೆ ಹಾಕಿದ್ದಾಳೆ. ಐದನೆಯದು ಆರ್ಕಿಟೆಕ್ಚರ್, ಅದು ಅಮ್ಮನ ಸಮಾಧಾನಕ್ಕೆ. ಬರಹ ಮಾತ್ರ ಪೂರ್ತಿ ಗೋಡೆ, ತೇವ, ಬೆಂಕಿ ಬಗ್ಗೆಯೇ ಇದೆ. ಅಕ್ಕ ಅದನ್ನು ಓದಿ ಎರಡು ಕಾಗುಣಿತ ತಪ್ಪು ತಿದ್ದಿಕೊಟ್ಟಳಂತೆ, ಬೇರೇನೂ ಹೇಳಲಿಲ್ಲವಂತೆ.